ದೇವರ ತಲೆ ಮೇಲಿನ ಮಾಡು

ನಮ್ಮ ಮುಳಿಪಡ್ಪಿನ ದೇವಸ್ಥಾನ ನೋಡಲು ಬಂದವರು ಮೊದಲು ಕೇಳುವುದು ಒಂದೇ ಪ್ರಶ್ನೆ: “ಗರ್ಭಗುಡಿಗೆ ಹುಲ್ಲೇ? ತಾಮ್ರ ಹೊದೆಸಲು ಊರಿನವರಿಗೆ ಗತಿಯಿಲ್ಲವೇ?” ನನಗೆ ಸಿಟ್ಟು ನೆತ್ತಿಗೇರುತ್ತದೆ. ಹೆಬ್ಬಾಗಿಲ ಮೇಲೆ ತಾಮ್ರ ಫಳಫಳ ಹೊಳೆಯುವುದು ಇವರ ಕಣ್ಣಿಗೆ ಬೀಳುವುದೇ ಇಲ್ಲ. ಹುಲ್ಲು ಉಳಿದದ್ದು ಬಡತನದಿಂದಲ್ಲ. ನನ್ನ ದೊಡ್ಡಪ್ಪ ಗುರುವಪ್ಪ ಗೌಡರಿಂದ.

ನೆರಿಯ ಊರಿನಿಂದಾಚೆಯ ಈ ಜಾಗ ಹಿಂದೆ ಬರೀ ಕಾಡು. ಹುಲ್ಲು ಕೊಯ್ಯುತ್ತಿದ್ದ ಹೆಣ್ಣೊಬ್ಬಳ ಕತ್ತಿ ತಾಗಿ ಕಲ್ಲಿನಿಂದ ರಕ್ತ ಒಸರಿತಂತೆ. ಅವಳು ಹೆದರಿ ಓಡಲಿಲ್ಲ. ದೇವರಿಗೆ ಬಿಸಿಲು ತಾಗಬಾರದೆಂದು ತಲೆಹೊರೆಯ ಮುಳಿಹುಲ್ಲನ್ನೇ ಬಿಚ್ಚಿ ಮರೆ ಕಟ್ಟಿದಳು. ಲಿಂಗದ ಎಡಬದಿಯ ಗೀರನ್ನು ಭಟ್ಟರು ಅಭಿಷೇಕದ ಹೊತ್ತಿನಲ್ಲಿ ಈಗಲೂ ತೋರಿಸುತ್ತಾರೆ. ಆಮೇಲೆ ಯಾವನೋ ಅರಸ ಬಂದ, ಮುರಕಲ್ಲಿನ ಗೋಡೆ ಎಬ್ಬಿಸಿದ, ಹಿಂಬದಿ ಆನೆಯ ಬೆನ್ನಿನಂತೆ ದುಂಡಗಿರುವ ಗರ್ಭಗುಡಿ ಕಟ್ಟಿಸಿದ, ತನ್ನ ಹೆಸರನ್ನು ಶಾಸನದಲ್ಲಿ ಕೆತ್ತಿಸಿದ. ಆ ಹೆಸರು ಮಳೆಗೆ ಸವೆದುಹೋಗಿದೆ. ಮಾಡು ಮಾತ್ರ ಆ ಹೆಣ್ಣಿನದೇ. ನಮ್ಮ ಕಡೆ ಮಾಡು ಎಂದರೆ ಸೂರು. ಅದನ್ನು ವರ್ಷವರ್ಷವೂ ಹೊದೆಸುವ ಹಕ್ಕು ಅವಳ ಮನೆತನದ್ದು, ಅಂದರೆ ನಮ್ಮದು.

ಪಗ್ಗು ತಿಂಗಳಲ್ಲಿ, ಮಳೆಗೆ ಮೊದಲು, ಆ ಕೆಲಸ. ಅಂದು ಭಟ್ಟರು ಪೂಜೆಯನ್ನು ಬೇಗ ಮುಗಿಸಿ ಬಾಗಿಲು ಹಾಕುತ್ತಿದ್ದರು. ದೊಡ್ಡಪ್ಪ ಕೆರೆಯಲ್ಲಿ ಮುಳುಗೆದ್ದು ಒದ್ದೆಬಟ್ಟೆಯಲ್ಲೇ ಬಲಿಕಲ್ಲಿನ ಹತ್ತಿರ ನಿಂತು, “ಸ್ವಾಮೀ, ನಿಮ್ಮ ತಲೆ ಮೇಲೆ ಹತ್ತುತ್ತೇನೆ. ನನ್ನ ತಲೆ ಮೇಲೆ ನೀವಿರಿ” ಎಂದು ತುಳುವಿನಲ್ಲಿ ಹೇಳಿ ಏಣಿಗೆ ಕಾಲಿಡುತ್ತಿದ್ದರು. “ಇವತ್ತು ದೇವರ ತಲೆ ಮೇಲೆ, ನಾಳೆಯಿಂದ ನನ್ನ ತಲೆ ಮೇಲೆ” ಎಂದು ದೊಡ್ಡಮ್ಮ ಸುಂದರಿ ಹೆಂಗಸರ ನಡುವೆ ನಿಂತು ನಗಿಸುತ್ತಿದ್ದರು.

ಊರೆಲ್ಲ ಸಾಲಾಗಿ ನಿಂತು ಹುಲ್ಲಿನ ಕಟ್ಟುಗಳನ್ನು ಕೈಯಿಂದ ಕೈಗೆ ದಾಟಿಸಬೇಕು. ಆ ಕಟ್ಟಿಗೆ ಸೂಡಿ ಎನ್ನುತ್ತೇವೆ. ಸಾಲಿನ ತುದಿಯಲ್ಲಿ ನಿಂತು ಮೇಲೆತ್ತಿ ಕೊಡುವುದು ದೇವಸ್ಥಾನದ ಆಡಳಿತ ನೋಡುವ ಮೊಕ್ತೇಸರ ನೋಣಯ್ಯ ಶೆಟ್ಟರು. ಉಳಿದ ದಿನ ನಾವು ಅವರ ಒಕ್ಕಲು, ಅವರ ಅಂಗಳದಲ್ಲಿ ಕೈಕಟ್ಟಿ ನಿಲ್ಲುವವರು. ಆ ದಿನ ದೊಡ್ಡಪ್ಪ ಮೇಲಿನಿಂದ “ಸೂಡಿ ತನ್ನಿ” ಎಂದರೆ ಶೆಟ್ಟರು ತರಲೇಬೇಕು. ಗೆದ್ದಲು ಹಿಡಿದದ್ದನ್ನು ಬಿಟ್ಟರೆ ಹಳೆಯ ಹುಲ್ಲು ಕೀಳುವ ಕ್ರಮವೂ ಇಲ್ಲ, ಅದರ ಮೇಲೆಯೇ ಹೊಸತು. ಇಳಿಸಲೇಬೇಕೆಂದಿದ್ದರೆ, ಕೊಟ್ಟವರೇ ತಮ್ಮ ಕೈಯಾರೆ ಇಳಿಸಬೇಕು.

ಐವತ್ತೊಂಬತ್ತನೆಯ ಇಸವಿಯಲ್ಲಿ ಶೆಟ್ಟರು ಬಂಟ್ವಾಳದ ಕಡೆ ಯಾವುದೋ ದೇವಸ್ಥಾನದ ತಾಮ್ರದ ಮಾಡು ನೋಡಿ ಬಂದರು. ನಮ್ಮದೂ ಹಾಗೇ ಆಗಬೇಕೆಂದು ಹಟ ಹಿಡಿದರು. ಸರಕಾರದ ಒಪ್ಪಿಗೆಗೆ ಬರೆದೂ ಆಯಿತು. ದೊಡ್ಡಪ್ಪನಿಗೆ ಅನ್ನ ಸೇರಲಿಲ್ಲ. ಹೋಗುವುದು ಹುಲ್ಲಿನ ಕೆಲಸ ಮಾತ್ರವೇ? ಊರಿನಲ್ಲಿ ತಲೆಯೆತ್ತಿ ನಿಲ್ಲುವ ಆ ಒಂದು ದಿನವೇ ಹೋಗುತ್ತಿತ್ತು.

ಆ ಅರ್ಜಿಯ ವಿಚಾರಣೆಗೆ ಮೈಸೂರು ಕಡೆಯ ಅಧಿಕಾರಿಯೊಬ್ಬರು ಬಂದದ್ದು ಸರಿಯಾಗಿ ಹುಲ್ಲು ಹೊದೆಸುವ ದಿನವೇ. ಮುಂಡಾಜೆಯಿಂದ ಈಚೆಗೆ ಅವರಿಗೆ ನಡೆದು ಸಾಕಾಗಿತ್ತು. ಒದ್ದೆಬಟ್ಟೆಯ ದೊಡ್ಡಪ್ಪನನ್ನು ಕಂಡು, “ನಿಂದೇನಯ್ಯಾ ಇಲ್ಲಿ?” ಎಂದರು.

ದೊಡ್ಡಪ್ಪ ಶಾಲೆಯಲ್ಲಿ ಕಲಿತಿದ್ದ ಕನ್ನಡವನ್ನೆಲ್ಲ ಒಟ್ಟುಮಾಡಿ, “ಮಾಡು, ಸ್ವಾಮಿ” ಎಂದರು.

“ಏನ್ ಮಾಡ್ಲಿ?”

“ಹುಲ್ಲಿನ ಮಾಡು.”

“ಹುಲ್ಲಿನ ಕೆಲ್ಸ ನಾನ್ ಮಾಡ್ಬೇಕಾ? ಯಾರ ಹತ್ರ ಮಾತಾಡ್ತಿದೀಯ, ಗೊತ್ತಾ?”

ಅಧಿಕಾರಿಗೆ ಹುಲ್ಲು ಬೇಡವೆಂದೇ ಸಿಟ್ಟು ಬಂದಿದೆ ಎಂದುಕೊಂಡ ದೊಡ್ಡಪ್ಪ ಸ್ವರ ಏರಿಸಿದರು. “ತಾಮ್ರ ಬೇಡ. ಹುಲ್ಲಿನದೇ ಮಾಡು!”

ಅಧಿಕಾರಿಯ ಮುಖ ಕೆಂಪಾಯಿತು. ಶೆಟ್ಟರು ಮೀಸೆಯಡಿಯಲ್ಲೇ ನಗುತ್ತಿದ್ದರು. ಕೊನೆಗೆ ಭಟ್ಟರೇ ಓಡಿ ಬಂದರು. “ಅವ ನಿಮಗೆ ಅಪ್ಪಣೆ ಕೊಟ್ಟದ್ದಲ್ಲ ಮಾರಾಯ್ರೇ! ನಮ್ಮಲ್ಲಿ ಮಾಡು ಅಂದ್ರೆ ಸೂರು.”

ಅಧಿಕಾರಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮೆತ್ತಗೆ ಕೇಳಿದರು: “ತಾಮ್ರ ಹಾಕಿದ್ರೆ ನಿಂಗೇನಪ್ಪಾ ಕಷ್ಟ?”

ದೊಡ್ಡಪ್ಪ ಶೆಟ್ಟರ ಕಡೆ ತಿರುಗಿದರು. “ಹಾಕುವ, ಧನಿಗಳೇ. ಆದ್ರೆ ಮೊದಲು ನಿಮ್ಮ ಸೂಡಿ ಇಳಿಸಿ. ನೀವು ಸಣ್ಣದಿರುವಾಗ ನಿಮ್ಮ ಅಪ್ಪ ನಿಮ್ಮನ್ನು ಎತ್ತಿ ಹಿಡಿದು ಒಂದು ಸೂಡಿ ಕೊಡಿಸಿದ್ರು. ನನ್ನ ಅಪ್ಪ ಅದನ್ನು ಹಿಂಬದಿಯ ದುಂಡಿಗೆ ಕಟ್ಟಿದ್ರು. ಅಡಿಯಲ್ಲಿ ಉಂಟು. ನೀವು ಹತ್ತಿ, ಏಣಿ ನಾನು ಹಿಡಿತೇನೆ.”

ಶೆಟ್ಟರ ಮೀಸೆಯಡಿಯ ನಗು ಮಾಯವಾಯಿತು. ಅವರು ಆ ದುಂಡನ್ನೇ ನೋಡುತ್ತ ನಿಂತರು. ಅವರ ಅಪ್ಪ ತೀರಿಹೋಗಿ ಆಗಲೇ ಬಹಳ ವರ್ಷವಾಗಿತ್ತು. ಆಮೇಲೆ ಶಾಲನ್ನು ಸೊಂಟಕ್ಕೆ ಬಿಗಿದು, ಬಗ್ಗಿ ಒಂದು ಸೂಡಿ ಎತ್ತಿಕೊಂಡರು.

“ತಾಮ್ರ ಹೆಬ್ಬಾಗಿಲಿಗೆ ಹಾಕುವ. ನೀನು ಹತ್ತು ಗುರುವಪ್ಪ, ಮಳೆ ಬರ್ತದೆ.”

ಆ ದಿನ ಅಧಿಕಾರಿಯೂ ಸಾಲಿನಲ್ಲಿ ನಿಂತು ಸೂಡಿ ದಾಟಿಸಿದರು. ಮೇಲೆ ದೊಡ್ಡಪ್ಪ ನಿಂತ ಠೀವಿ ಹೇಗಿತ್ತೆಂದರೆ, ಶಾಸನ ಕೆತ್ತಿಸಿದ ಅರಸನೂ ಹಾಗೆ ನಿಂತಿರಲಿಕ್ಕಿಲ್ಲ. ಇವರು ನಮ್ಮವರು ಎಂದು ನನಗೆ ಎದೆ ತುಂಬಿ ಬಂತು.

ಅರವತ್ತಾರನೆಯ ಇಸವಿಯಲ್ಲಿ ಅವರ ಮೊಣಕಾಲು ಸೋತಿತು. ಮಕ್ಕಳಿರಲಿಲ್ಲ, ಹಾಗಾಗಿ ಹಕ್ಕು ನನಗೆ ಬಂತು. ಕೆರೆಯಲ್ಲಿ ಮುಳುಗಿ, ದೇವರಲ್ಲಿ ಕೇಳಿಕೊಂಡು ಹತ್ತಿದೆ. ಅಷ್ಟರವರೆಗೆ ಎಲ್ಲ ಸರಿ. ಕೆಳಗೆ ನೋಡುತ್ತೇನೆ, ಸಾಲಿನ ತುದಿಯಲ್ಲಿ ಶೆಟ್ಟರಿಲ್ಲ. ಅವರು ಪಕ್ಕಕ್ಕೆ ಸರಿದು ತಮ್ಮ ಜಾಗವನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿ ದೊಡ್ಡಪ್ಪ ಸೂಡಿ ಹಿಡಿದು ನಿಂತಿದ್ದರು.

ನನ್ನನ್ನು ಸಾಕಿ ಬೆಳೆಸಿದವರಿಗೆ ನಾನು ಅಪ್ಪಣೆ ಕೊಡುವುದೇ? ಊರೆಲ್ಲ ಕಾಯುತ್ತಿತ್ತು. ದೊಡ್ಡಪ್ಪ ತಲೆಯೆತ್ತಿ ನನ್ನನ್ನು ದುರುಗುಟ್ಟಿ ನೋಡಿದರು.

“ಮಾಡು” ಎಂದರು.

ತುಳುವೋ ಕನ್ನಡವೋ, ಸೂರೋ ಅಪ್ಪಣೆಯೋ, ನಾನು ಕೇಳಲಿಲ್ಲ. ಊರಿಗೆಲ್ಲ ಕೇಳುವಂತೆ “ಸೂಡಿ ತನ್ನಿ!” ಎಂದು ಕೂಗಿದೆ.

ದೊಡ್ಡಪ್ಪ ತಂದರು.