ಎಣ್ಣೆ ಹಚ್ಚಿದ ಚೆಂಡು, ಹೆಬ್ಬೆಟ್ಟು ಒತ್ತಿದ ಕಾಗದ

ಶುಕ್ರವಾರ, ಬೆಳಗಿನ ಐದೂವರೆ. ಭೋಜ ಗ್ರಾಮದ ಕೆಳಗಿನ ಓಣಿಯಲ್ಲಿ ಸತ್ತೆವ್ವ ಮನೆ ಮುಂದಿನ ಕಟ್ಟೆಯ ಮೇಲೆ ಗೋಣಿಚೀಲ ಹಾಸಿಕೊಂಡು ಕೂತಿದ್ದಾರೆ. ಮೊಣಕಾಲುಗಳ ನಡುವೆ ಒಂದು ಚೆಂಡು, ಎರಡೂ ಕೈಯಲ್ಲಿ ಒಂದೊಂದು ಸೂಜಿ. ಕೆಂಪು ದಾರಕ್ಕೆ ಜೇನುಮೇಣ ಸವರುತ್ತಾರೆ, ಎದುರುಬದುರು ತೂತುಗಳಲ್ಲಿ ಸೂಜಿ ತೂರಿಸುತ್ತಾರೆ, ದಾರವನ್ನು ಕಿರುಬೆರಳಿಗೆ ಸುತ್ತಿಕೊಂಡು ಜಗ್ಗುತ್ತಾರೆ. ಹೀಗೆ ಜಗ್ಗಿ ಜಗ್ಗಿ ಆ ಬೆರಳಿನ ಬದಿಯಲ್ಲಿ ಒಂದು ಗೆರೆ ಖಾಯಂ ಆಗಿ ಕೂತುಬಿಟ್ಟಿದೆ. ಪಕ್ಕದ ಚೀಲದಲ್ಲಿ ಬಾಯಿಬಿಟ್ಟ ಹತ್ತು ಚೆಂಡುಗಳು ಕಾಯುತ್ತಿವೆ.

ಇವು ಕ್ರಿಕೆಟ್ ಚೆಂಡುಗಳಲ್ಲ, ಬೇಸ್‌ಬಾಲ್ ಚೆಂಡುಗಳು. ಇಲ್ಲಿಂದ ಐದು ಕಿಲೋಮೀಟರ್ ದೂರದ ಕಾಲೇಜಿನಲ್ಲಿ ಹುಡುಗಿಯರ ಬೇಸ್‌ಬಾಲ್ ತಂಡವಿದೆ. ಈ ಭಾಗದ ಜನರಿಗೆ ಬೇಸ್‌ಬಾಲ್ ಎಂದರೆ ಏನೆಂದು ಕೇಳಿ ನೋಡಿ, ಅರ್ಧದಷ್ಟು ಮಂದಿ ಕ್ರಿಕೆಟ್ಟಿನ ಕೆಟ್ಟ ರೂಪ ಎನ್ನುತ್ತಾರೆ, ಉಳಿದವರು ಹೆಸರೇ ಕೇಳಿಲ್ಲ ಎನ್ನುತ್ತಾರೆ. ಅಂಥ ಆಟದಲ್ಲಿ ಈ ಹುಡುಗಿಯರು ಭಾನುವಾರದ ಒಂದು ಪಂದ್ಯ ಗೆದ್ದರೆ ವಿಭಾಗೀಯ ಟೂರ್ನಿಗೆ ಹೋಗುತ್ತಾರೆ. ಸೋತರೆ ಈ ವರ್ಷದ ಆಟ ಅಲ್ಲಿಗೆ ಮುಗಿಯುತ್ತದೆ.

ಲೆಕ್ಕ ಸರಳ. ನಾಲ್ಕು ಕಾಲೇಜುಗಳು ಒಬ್ಬರೊಡನೊಬ್ಬರು ಎರಡೆರಡು ಸಲ ಆಡುತ್ತವೆ, ಮೊದಲ ಎರಡು ತಂಡಗಳು ಟೂರ್ನಿಗೆ. ಒಂದು ಕಾಲೇಜು ನಾಲ್ಕು ಪಂದ್ಯ ಗೆದ್ದು ಜಾಗ ಹಿಡಿದು ಕೂತಿದೆ. ಉಳಿದ ಒಂದು ಜಾಗಕ್ಕೆ ನಮ್ಮ ಹುಡುಗಿಯರು ಮತ್ತು ಅಥಣಿ ಕಡೆಯ ಕಾಲೇಜಿನವರು ಮೂರು ಮೂರು ಗೆದ್ದು ಎದುರುಬದುರಾಗಿದ್ದಾರೆ. ಕೊನೆಯ ಪಂದ್ಯ ಇವರಿಬ್ಬರ ನಡುವೆಯೇ. ಆಡುವ ಹುಡುಗಿಯರಷ್ಟೇ ಅದರ ಮೇಲೆ ಕಣ್ಣಿಟ್ಟವರು ಸತ್ತೆವ್ವ. ಅವರಿಗೆ ಬೇಕಿರುವುದು ಕಪ್ ಅಲ್ಲ, ಪ್ರಾಂಶುಪಾಲರ ಕಪಾಟಿನಲ್ಲಿರುವ ಒಂದು ಕಾಗದ. ತಂಡ ಟೂರ್ನಿಗೆ ಹೋದರೆ ಆ ಕಾಗದ ತೆಗೆಸಿ ಕೊಡುತ್ತೇನೆಂದು ಭೀಮಗೊಂಡ ಸರ್ ಮಾತು ಕೊಟ್ಟಿದ್ದಾರೆ. ಭೀಮಗೊಂಡ ಕಾಲೇಜಿನ ದೈಹಿಕ ಶಿಕ್ಷಣ ಶಿಕ್ಷಕರು, ತಂಡದ ಕೋಚ್.

ಸತ್ತೆವ್ವರಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ಮಂಗಸೂಳಿ ಕಡೆ, ಮದುವೆಯಾಗಿ ಬಂದದ್ದು ಇಲ್ಲಿಗೆ. ಗಂಡ ರಾಜಾರಾಮ ಅಟ್ಟೆ ಕತ್ತರಿಸುತ್ತಿದ್ದರು, ಇವರು ಹೆಣಿಗೆ ಹಾಕಿ ಹೊಲಿಯುತ್ತಿದ್ದರು. ಊರೂರಿನ ಅಂಗಡಿಗಳಲ್ಲಿ ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಮಾರಾಟವಾಗುವ ಚಪ್ಪಲಿಗಳಲ್ಲಿ ಎಷ್ಟೋ ಜೋಡಿ ಹುಟ್ಟುವುದು ಇಂಥ ಓಣಿಗಳಲ್ಲಿ. ಹೆಸರು ಮಾತ್ರ ನದಿಯಾಚೆಯ ಪಟ್ಟಣದ್ದು. ಈಗ ರಾಜಾರಾಮರ ಕೈ ನಡುಗುತ್ತದೆ, ಉಳಿ ಹಿಡಿಯಲಾಗುವುದಿಲ್ಲ. ಹೆಂಡತಿಯ ಪಕ್ಕ ಕೂತು ದಾರಕ್ಕೆ ಮೇಣ ಹಚ್ಚಿಕೊಡುತ್ತಾರೆ, ಜೊತೆಗೆ ಚೇಷ್ಟೆಯೂ ನಡೆಯುತ್ತದೆ. "ಒಂದ ಚೆಂಡಿಗೆ ನೂರಾ ಎಂಟ ಹೊಲಿಗಿ ಬೀಳ್ತಾವ್ರಿ. ಅಷ್ಟ ಜಪಾ ಮಾಡಿದ್ದರ ಪುಣ್ಯಾನರ ಬರ್ತಿತ್ತು. ಈಕಿಗೆ ಬಂದದ್ದೇನು? ಬೈಗಳಾ!"

ಚೆಂಡು ಸತ್ತೆವ್ವರ ಕೈಗೆ ಬಂದದ್ದು ಮೂರು ವರ್ಷದ ಹಿಂದೆ. ಭೀಮಗೊಂಡ ಸರ್ ಕಿತ್ತ ಚಪ್ಪಲಿ ಹೊಲಿಸಲು ಬಂದವರು ಬೈಕಿನ ಚೀಲದಿಂದ ಒಂದು ಒಡೆದ ಚೆಂಡನ್ನೂ ತೆಗೆದು, ಇದಾಗುತ್ತದೆಯೇ ಎಂದು ಕೇಳಿದರಂತೆ. ಕಾಲೇಜು ಆಗ ವರ್ಷಕ್ಕೆ ಕೊಡುತ್ತಿದ್ದದ್ದು ಒಂದು ಡಜನ್ ಚೆಂಡು. ವಾರಕ್ಕೆ ಐದು ದಿನ ಆಡಿದರೆ ಅವು ಎರಡು ತಿಂಗಳೂ ಬಾಳುವುದಿಲ್ಲ. ಸತ್ತೆವ್ವ ಆ ಚೆಂಡಿನ ಹೊಲಿಗೆಯನ್ನು ಪೂರ್ತಿ ಬಿಚ್ಚಿದರು, ಒಳಗಿನ ಉಣ್ಣೆಯ ಸುತ್ತು ನೋಡಿದರು, ತೂತು ಎಣಿಸಿದರು, ಮತ್ತೆ ಮುಚ್ಚಿದರು. ಮೊದಲ ಸಲ ಇಡೀ ದಿನ ಹಿಡಿಯಿತು. ಈಗ ಒಂದು ಚೆಂಡಿಗೆ ಒಂದೂಕಾಲು ಗಂಟೆ ಸಾಕು. ಈ ಮೂರು ವರ್ಷದಲ್ಲಿ ನಾನೂರಕ್ಕೂ ಹೆಚ್ಚು ಸಲ ಚೆಂಡು ಹೊಲಿದಿದ್ದಾರೆ.

"ಚಪ್ಪಲಿ ತಪ್ಪಾದ್ರ ಕಾಲಿಗೆ ಹತ್ತತೈತಿ, ತೊಟ್ಟಾವಾ ಬಂದು ಹೇಳ್ತಾನ. ಚೆಂಡು ಹಂಗಲ್ರಿ. ಒಂದ ಹೊಲಿಗಿ ಸಡ್ಲಾದ್ರ ಎತ್ತಾಗೋ ಹೋಕ್ಕೈತಿ. ಯಾಕ ಹೋತು ಅಂತ ಯಾರಿಗೂ ತಿಳಿಯಂಗಿಲ್ಲ" ಎನ್ನುತ್ತಾರೆ ಸತ್ತೆವ್ವ, ಸೂಜಿಯಿಂದ ಕಣ್ಣೆತ್ತದೆ.

ಕಾಗದದ ಕಥೆ ಹೋದ ವರ್ಷದ್ದು. ಆಗಲೂ ಕೊನೆಯ ಪಂದ್ಯ ಗೆದ್ದರೆ ಟೂರ್ನಿ ಎಂಬ ಸ್ಥಿತಿಯೇ ಇತ್ತು. ಪಂದ್ಯ ನಡೆಸುವ ಕಾಲೇಜೇ ಚೆಂಡು ಕೊಡಬೇಕು ಎಂಬುದು ನಿಯಮ. ಆ ಪಂದ್ಯ ಇದೇ ಕಾಲೇಜಿನಲ್ಲಿತ್ತು, ಕಪಾಟಿನಲ್ಲಿ ಒಂದೂ ಹೊಸ ಚೆಂಡಿರಲಿಲ್ಲ. ಕ್ರೀಡೆಗೆಂದು ಇಟ್ಟ ಹಣ ಆಡಳಿತ ಮಂಡಳಿಯ ಅಧ್ಯಕ್ಷರ ಸನ್ಮಾನದ ಶಾಲು, ಹಾರ, ಪೆಂಡಾಲಿಗೆ ಹೋಗಿತ್ತು. ಭೀಮಗೊಂಡ ಸರ್ ಸತ್ತೆವ್ವರ ಮುಂದೆ ಆರು ಚೆಂಡು ಇಟ್ಟು, ಇವು ಪಂದ್ಯಕ್ಕೆ, ಚೆನ್ನಾಗಿ ಮಾಡಿಕೊಡಿ ಎಂದರು.

ಸತ್ತೆವ್ವ ಚೆನ್ನಾಗಿಯೇ ಮಾಡಿದರು. ದಿನಬಳಕೆಯ ಚಪ್ಪಲಿಗೆ ಈ ಓಣಿಯಲ್ಲಿ ಎಣ್ಣೆ ಹಚ್ಚುವುದಿಲ್ಲ. ಮದುವೆಯ ಜೋಡಿಗೆ ಮಾತ್ರ ಕೊಡುವ ಮೊದಲು ಹರಳೆಣ್ಣೆ ತಿಕ್ಕಿ ಒಂದು ರಾತ್ರಿ ಇಟ್ಟು, ಬೆಳಿಗ್ಗೆ ಬಟ್ಟೆಯಿಂದ ಒರೆಸುತ್ತಾರೆ. ತೊಗಲು ಮೆತ್ತಗಾಗುತ್ತದೆ, ಹೊಳಪು ಬರುತ್ತದೆ. ಅಭ್ಯಾಸದ ಚೆಂಡುಗಳಿಗೆ ಎಂದೂ ಎಣ್ಣೆ ಮುಟ್ಟಿಸದಿದ್ದ ಸತ್ತೆವ್ವ ಪಂದ್ಯದ ಆರು ಚೆಂಡುಗಳಿಗೆ ಮದುವೆಯ ಮರ್ಯಾದೆ ಮಾಡಿದರು. ಚೆಂಡಿಗೆ ಎಣ್ಣೆ ತಾಗಬಾರದು ಎಂದು ಅವರಿಗೆ ಯಾರೂ ಹೇಳಿರಲಿಲ್ಲ, ಅವರು ಒಂದು ಪಂದ್ಯವನ್ನೂ ನೋಡಿರಲಿಲ್ಲ.

ಮೊದಮೊದಲು ಏನೂ ಗೊತ್ತಾಗಲಿಲ್ಲ. ಬಿಸಿಲೇರಿದ ಮೇಲೆ ತೊಗಲಿನೊಳಗಿನ ಎಣ್ಣೆ ಹೊರಬಂತು. ಚೆಂಡು ಎಸೆಯುತ್ತಿದ್ದ ಸೋನಾಲಿಯ ಬೆರಳಿನಿಂದ ಜಾರಿ ಎದುರು ತಂಡದ ಹುಡುಗಿಯ ಭುಜಕ್ಕೆ ಬಡಿಯಿತು. ಅಂಪೈರ್ ಚೆಂಡು ಎತ್ತಿ ಮೂಸಿದರು. ಆರನ್ನೂ ತರಿಸಿ ಮೂಸಿದರು. ಬೇಕೆಂದೇ ಚೆಂಡು ಕೆಡಿಸಿದ್ದಾರೆಂದು ಪಂದ್ಯವನ್ನು ಎದುರಾಳಿಗಳಿಗೆ ಕೊಟ್ಟರು.

ಮರುದಿನ ಸತ್ತೆವ್ವರನ್ನು ಕಾಲೇಜಿಗೆ ಕರೆಸಿದರು. ಪ್ರಾಂಶುಪಾಲರ ಕೋಣೆಯ ಹೊರಗೆ ಒಂದು ತಾಸು ನಿಲ್ಲಿಸಿದರು. ಅಲ್ಲೇ ಓಡಾಡುತ್ತಿದ್ದ ಒಬ್ಬ ಮಹಾಶಯರು, ಚಪ್ಪಲಿ ಹೊಲಿಯುವವರ ಕೈಗೆ ಚೆಂಡು ಕೊಟ್ಟರೆ ಇನ್ನೇನಾಗುತ್ತದೆ ಎಂದು ಇವರಿಗೆ ಕೇಳುವಂತೆಯೇ ಹೇಳಿದರು. ಆಮೇಲೆ ಟೈಪ್ ಮಾಡಿದ ಒಂದು ಹಾಳೆ ಬಂತು. ಈ ಲೇಖನ ಬರೆಯಲು ಬಂದ ನಾನು ಅದರ ಪ್ರತಿಯನ್ನು ನೋಡಿದ್ದೇನೆ. "ಚಪ್ಪಲಿ ಹೊಲಿಯುವ ಹೆಂಗಸೊಬ್ಬಳಿಂದ ಆದ ಪ್ರಮಾದ, ಇದಕ್ಕೂ ಸಂಸ್ಥೆಗೂ ಸಂಬಂಧವಿಲ್ಲ" ಎಂದಿದೆ. ಅಧ್ಯಕ್ಷರ ಹೆಸರು ಪದವಿಗಳ ಸಮೇತ ಎರಡು ಸಲ ಬಂದಿದೆ. ಸತ್ತೆವ್ವ ಎಂಬ ಹೆಸರು ಎಲ್ಲೂ ಇಲ್ಲ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತಿದೆ.

"ನನಗ ಸಹಿ ಬರ್ತೈತ್ರಿ" ಎನ್ನುವಾಗ ಸತ್ತೆವ್ವರ ಸೂಜಿ ನಿಲ್ಲುತ್ತದೆ. "ಸಾಕ್ಷರತಾ ಕ್ಲಾಸಿನ್ಯಾಗ ಕಲ್ತೀನಿ. ಕನ್ನಡದಾಗೂ ಮಾಡ್ತೀನಿ, ಮರಾಠ್ಯಾಗೂ ಮಾಡ್ತೀನಿ. ಕಾಗದಾ ತಂದ ಮನಷ್ಯಾ ಕೇಳ್ಲೇ ಇಲ್ಲ. ಸೀದಾ ಮಸಿ ಡಬ್ಬಿ ತಂದ ಮುಂದ ಹಿಡದಾ. ನಾನೂ ಅಂಜಿದ್ದೆ, ಒತ್ತಿಬಿಟ್ಟೆ." ಈ ಮಾತು ಕೇಳಿ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಅನಕ್ಷರತೆಯ ವಿರುದ್ಧ ಜಾಥಾ ತೆಗೆಯುವ ಕಾಲೇಜು ಅದು.

ಅಲ್ಲಿಗೆ ಸತ್ತೆವ್ವರ ನಂಟು ಮುಗಿಯಬೇಕಿತ್ತು. ಹೊರಗಿನವರಿಗೆ ಚೆಂಡು ಕೊಡಕೂಡದು ಎಂದು ಆದೇಶವೂ ಆಯಿತು. ಈ ವರ್ಷ ಆಡಳಿತ ಮಂಡಳಿ ದೊಡ್ಡ ಮನಸ್ಸು ಮಾಡಿ ಆರು ಹೊಸ ಚೆಂಡು ತರಿಸಿತು, ಪಂದ್ಯಕ್ಕೆ ಮಾತ್ರ. ಅಭ್ಯಾಸ ಯಾವುದರಲ್ಲಿ ಮಾಡಬೇಕೆಂದು ಆದೇಶದಲ್ಲಿ ಇರಲಿಲ್ಲ. ಒಂದು ಸಂಜೆ ತಂಡದ ನಾಯಕಿ ಸೋನಾಲಿ ಬೇಡಕಿಹಾಳದ ತನ್ನ ಮನೆಯಿಂದ ಮೇವಿನ ಹೊರೆಯೊಳಗೆ ಚೆಂಡಿನ ಚೀಲ ಮುಚ್ಚಿಟ್ಟುಕೊಂಡು ಸೈಕಲ್ ತುಳಿದು ಬಂದಳು. ಇಡೀ ವರ್ಷ ಹಾಗೆಯೇ ನಡೆದಿದೆ. ಭೀಮಗೊಂಡ ಸರ್‌ಗೆ ಗೊತ್ತಿದೆ, ಗೊತ್ತಿಲ್ಲದವರಂತೆ ಇರುತ್ತಾರೆ.

"ಹೊಸಾ ಚೆಂಡು ಕೈಯಾಗ ಪರಕ್ಯಾ ಅನಸ್ತೈತ್ರಿ" ಎನ್ನುತ್ತಾಳೆ ಸೋನಾಲಿ. "ಸತ್ತೆವ್ವ ಆಯಿ ಹೊಲದದ್ದರ ಹೊಲಿಗಿ ನನ್ನ ಬೆರಳಿಗೆ ಗುರ್ತೈತಿ. ಹೋದ ವರ್ಷ ಆಕೀಗೆ ಯಾರೂ ಹೇಳ್ಲಿಲ್ಲ, ತಪ್ಪು ನಮ್ದ. ಬೈಸ್ಕೊಂಡಾಕಿ ಮಾತ್ರ ಆಕಿ." ಸತ್ತೆವ್ವರನ್ನು ಪಂದ್ಯ ನೋಡಲು ಕರೆದೊಯ್ಯಬೇಕೆಂದು ಸೋನಾಲಿ ಹಟ ಹಿಡಿದಿದ್ದಳು. ಸತ್ತೆವ್ವ ಗೇಟಿನೊಳಗೆ ಕಂಡರೆ ಹಳೆಯದೆಲ್ಲ ಮತ್ತೆ ಏಳುತ್ತದೆ, ಬೇಡ ಎಂದರು ಸರ್. ಹಾಗಾಗಿ ಭಾನುವಾರ ನಾನೊಬ್ಬನೇ ಹೋಗುತ್ತೇನೆ.

ಮೈದಾನದ ಎರಡು ಬದಿಗೂ ಕಟಾವಿಗೆ ಬಂದ ಕಬ್ಬು. ವೇದಿಕೆಯ ಮೇಲೆ ಅಧ್ಯಕ್ಷರಿಗೆ ಸೋಫಾ. ಅಂಪೈರ್ ಹೋದ ವರ್ಷದವರೇ. ಪಂದ್ಯ ಶುರುವಾಗುವ ಮೊದಲೇ ಆರು ಹೊಸ ಚೆಂಡುಗಳನ್ನು ಎಲ್ಲರಿಗೂ ಕಾಣುವಂತೆ ಮೂಸುತ್ತಾರೆ. ಎದುರಾಳಿಗಳ ಬೆಂಚಿನಲ್ಲಿ ನಗು ಏಳುತ್ತದೆ. ಸೋನಾಲಿ ಮುಖ ಬೇರೆ ಕಡೆ ತಿರುಗಿಸುತ್ತಾಳೆ.

ಏಳನೆಯ ಮತ್ತು ಕೊನೆಯ ಸುತ್ತು ಬರುವ ಹೊತ್ತಿಗೆ ನಮ್ಮವರದು ನಾಲ್ಕು ರನ್, ಅವರದು ಮೂರು. ಆ ಸುತ್ತಿನಲ್ಲಿ ಅವರ ಇಬ್ಬರು ಔಟಾಗಿದ್ದಾರೆ, ಇನ್ನೊಬ್ಬಳು ಔಟಾದರೆ ಮುಗಿಯಿತು. ಆದರೆ ಬ್ಯಾಟ್ ಹಿಡಿದ ಹುಡುಗಿ ಬಡಿದ ಚೆಂಡು ಬದಿಯ ಗೆರೆಯಾಚೆ ಹಾರಿ ಕಬ್ಬಿನೊಳಗೆ ಹೋಗಿ ಬೀಳುತ್ತದೆ. ಈ ಆಟದಲ್ಲಿ ಹಾಗೆ ಬದಿಗೆ ಹೋದರೆ ರನ್ ಇಲ್ಲ, ಒಂದು ತಪ್ಪೆಂದು ಲೆಕ್ಕ, ಮೂರು ತಪ್ಪಿಗೆ ಔಟ್. ಆ ಚೆಂಡು ಆರನೆಯದು. ಉಳಿದ ಐದೂ ಮೊದಲೇ ಅಲ್ಲಿ ಸೇರಿವೆ. ಹುಡುಗಿಯರು ಕಬ್ಬಿನಲ್ಲಿ ನುಗ್ಗಿ ಹುಡುಕಿ ಬರಿಗೈಯಲ್ಲಿ ಬರುತ್ತಾರೆ. ಅಂಪೈರ್ ಕೈ ಚಾಚಿ ಚೆಂಡು ಕೇಳುತ್ತಾರೆ.

ಭೀಮಗೊಂಡ ಸರ್ ಅಭ್ಯಾಸದ ಚೀಲಕ್ಕೆ ಕೈ ಹಾಕುತ್ತಾರೆ. ಶುಕ್ರವಾರ ನನ್ನ ಕಣ್ಣೆದುರಿಗೇ ಹೊಲಿದ ಚೆಂಡು ಅದು. ಅಂಪೈರ್ ಅದನ್ನು ಒತ್ತಿ ನೋಡುತ್ತಾರೆ, ಹೊಲಿಗೆಯ ಮೇಲೆ ಉಗುರು ಎಳೆಯುತ್ತಾರೆ, ಮೂಸುತ್ತಾರೆ. "ಹೊಲಿಗಿ ಭಾರೀ ಐತಲ್ಲ. ಎಲ್ಲಿಂದ ತರಿಸೀರಿ?" ಎಂದು ಕೇಳುತ್ತಾರೆ. ಬೆಂಚಿನ ಹಿಂದೆ ಕೂತ ನನಗೆ ಭೀಮಗೊಂಡ ಸರ್ ಉತ್ತರ ಸ್ಪಷ್ಟವಾಗಿ ಕೇಳಿಸುತ್ತದೆ. "ಮೀರತ್‌ಲಿಂದ, ಸರ್."

ಆಟದ ಸಾಮಾನಿಗೆ ಹೆಸರಾದ ಆ ಊರಿನ ಹೆಸರಿಗೆ ಅಂಪೈರ್ ತಲೆಯಾಡಿಸಿ ಚೆಂಡನ್ನು ಸೋನಾಲಿಗೆ ಎಸೆಯುತ್ತಾರೆ. ಆಕೆ ಅದನ್ನು ಅಂಗೈಯಲ್ಲಿ ತಿರುಗಿಸಿ ಹೊಲಿಗೆಯ ಮೇಲೆ ಎರಡು ಬೆರಳು ಇಡುತ್ತಾಳೆ. ಎರಡು ಎಸೆತ, ಎರಡು ಸಲವೂ ಬ್ಯಾಟ್ ಗಾಳಿಗೆ ಬೀಸುತ್ತದೆ, ಹುಡುಗಿ ಔಟ್. ನಮ್ಮ ಹುಡುಗಿಯರು ಟೂರ್ನಿಗೆ ಹೋಗುತ್ತಾರೆ.

ಅಧ್ಯಕ್ಷರು ಮೈಕ್ ಹಿಡಿದು, ಆಡಳಿತ ಮಂಡಳಿ ಒದಗಿಸಿದ ಉತ್ತಮ ದರ್ಜೆಯ ಚೆಂಡುಗಳೇ ಈ ಗೆಲುವಿಗೆ ಕಾರಣ ಎಂದು ಘೋಷಿಸುತ್ತಾರೆ. ಚಪ್ಪಾಳೆ ಬೀಳುತ್ತದೆ. ಸೋನಾಲಿ ಚಪ್ಪಾಳೆ ತಟ್ಟುವುದಿಲ್ಲ, ಚೆಂಡು ಅವಳ ಕೈಯಲ್ಲೇ ಇದೆ. ಮೀರತ್ತಿನ ಮಾತು ಬರೆಯಬೇಡಿ ಎಂದು ಭೀಮಗೊಂಡ ಸರ್ ನನ್ನನ್ನು ಬದಿಗೆ ಕರೆದು ಕೇಳಿಕೊಳ್ಳುತ್ತಾರೆ. ಗೆಲುವಿಗೆ ಏನಾದರೂ ಧಕ್ಕೆಯೇ ಎಂದು ನಾನು ಕೇಳಿದರೆ, ಅಂಪೈರ್ ನೋಡಿ ಒಪ್ಪಿದ ಚೆಂಡಿನ ಬಗ್ಗೆ ಆಮೇಲೆ ತಕರಾರಿಲ್ಲ ಎಂದು ಅವರೇ ಹೇಳುತ್ತಾರೆ. ಧಕ್ಕೆ ಇರುವುದು ಅವರ ಮರ್ಯಾದೆಗೆ ಮಾತ್ರ. ಬರೀರಿ ಎನ್ನುತ್ತಾಳೆ ಸೋನಾಲಿ. ನಾನು ಬರೆಯುತ್ತಿದ್ದೇನೆ.

ಸೋಮವಾರ ಸರ್ ಕೊಟ್ಟ ಮಾತಿನಂತೆ ಪ್ರಾಂಶುಪಾಲರ ಬಳಿ ಹೋಗುತ್ತಾರೆ, ಅಷ್ಟು ಮಾಡಿದ್ದಕ್ಕೆ ಅವರಿಗೆ ಒಂದು ನಮಸ್ಕಾರ. ಆದರೆ ಆ ಕಾಗದ ತೆಗೆದರೆ ಹೋದ ವರ್ಷದ ತಪ್ಪು ಯಾರದ್ದಾಗುತ್ತದೆ, ಸಂಸ್ಥೆಯದ್ದೇ ಎಂಬ ಪ್ರಾಂಶುಪಾಲರ ಪ್ರಶ್ನೆಯೊಂದಿಗೆ ಕಪಾಟಿನ ಬಾಗಿಲು ಮುಚ್ಚುತ್ತದೆ. ಈ ಸುದ್ದಿ ಹೇಳಲು ಸರ್ ಭೋಜಕ್ಕೆ ಬರಲಿಲ್ಲ, ನನಗೆ ಫೋನ್ ಮಾಡಿದರು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಕಟ್ಟೆ. ಟೂರ್ನಿಯ ಅಭ್ಯಾಸಕ್ಕೆಂದು ಒಂಬತ್ತು ಚೆಂಡು ಬಂದಿವೆ. ಕೊನೆಯ ಎರಡು ಎಸೆತ ಅವರ ಚೆಂಡಿನಲ್ಲೇ ಎಂದು ಹೇಳಿದಾಗ ಸತ್ತೆವ್ವ ಮೊದಲು ಕೇಳುವುದು, "ದಾರ ತಡೀತೇನ್ರಿ?" ತಡೆಯಿತು ಎನ್ನುತ್ತೇನೆ. ಮೀರತ್ತಿನ ವಿಷಯವನ್ನೂ ಹೇಳುತ್ತೇನೆ. ಅದು ಎಲ್ಲಿದೆ ಎಂದು ಕೇಳುತ್ತಾರೆ. ದಿಲ್ಲಿಯಾಚೆ ಎಂದಾಗ ಗಂಡನ ಕಡೆ ತಿರುಗಿ, "ಕೇಳಿದ್ರೇನು? ನಾ ಇಲ್ಲೇ ಕುಂತು ಭಾಳ ದೂರ ಹೋಗಿ ಬಂದೇನಿ" ಎಂದು ನಗುತ್ತಾರೆ. ರಾಜಾರಾಮ ನಗುವುದಿಲ್ಲ.

ಕಾಗದದ ಸುದ್ದಿಯನ್ನು ನಾನು ಕೊನೆಗೆ ಹೇಳುತ್ತೇನೆ. ಸತ್ತೆವ್ವ ಕೈಯಲ್ಲಿದ್ದ ಚೆಂಡಿನ ಉಳಿದ ಹೊಲಿಗೆಗಳನ್ನು ಮುಗಿಸುತ್ತಾರೆ. ಗಂಟು ಹಾಕಿ, ದಾರ ಹಲ್ಲಿನಿಂದ ಕಡಿದು, ಚೆಂಡನ್ನು ಚೀಲದಲ್ಲಿ ಇಡುತ್ತಾರೆ.

"ಹಂಗಾರ ತೆಗೀಬ್ಯಾಡ್ರಿ ಅನ್ರಿ ಅವರಿಗೆ. ಇರ್ಲಿ ಅಲ್ಲೇ. ಹೆಂಗಸು ಅಂತ ಬರದಾರಲ್ಲ, ಅದನ್ನ ಹೊಡದು ಹೆಸರು ಹಾಕಂತ ಹೇಳ್ರಿ. ಎಣ್ಣಿ ಹಚ್ಚಿದಾಕಿ ಸತ್ತೆವ್ವ. ಚೆಂಡ ಹೊಲದಾಕಿನೂ ಸತ್ತೆವ್ವ. ಎರಡೂ ಬರೀಲಿ. ಕರದ್ರ ನಾ ಬರ್ತೀನಿ. ಈ ಸಲ ಹೆಬ್ಬಟ್ಟ ಒತ್ತಂಗಿಲ್ರಿ, ಸಹಿ ಮಾಡ್ತೀನಿ."