ಗಂಗವ್ವ ಗಂಡ ಚನ್ನಪ್ಪ

ಬ್ಯಾಡಗಿಯ ಕೋರ್ಟಿನೆದುರು ಒಂದು ಝರಾಕ್ಸ್ ಅಂಗಡಿ ಇದೆ. ಯಂತ್ರದಿಂದ ಹೊರಬಿದ್ದ ಕಾಗದಕ್ಕೆ ಒಂದು ವಾಸನೆ ಇರುತ್ತದಲ್ಲ, ಇಸ್ತ್ರಿ ಬಟ್ಟೆಯದೂ ಅಲ್ಲ, ಸುಟ್ಟ ಪ್ಲಾಸ್ಟಿಕ್ಕಿನದೂ ಅಲ್ಲ, ಎರಡರ ನಡುವಿನದು. ಮನೆಯಲ್ಲಿ ಯಾರನ್ನಾದರೂ ಕಳೆದುಕೊಂಡು ಆಸ್ತಿಯ ಕಾಗದಗಳಿಗಾಗಿ ಅಲೆದವರಾದರೆ ನಿಮಗೂ ಅದು ಗೊತ್ತು. ಸಾವಿನ ಮನೆಯ ಊದಿನಕಡ್ಡಿಯ ವಾಸನೆ ವಾರದಲ್ಲಿ ಹೋಗುತ್ತದೆ. ಇದು ವರ್ಷಗಟ್ಟಲೆ ಬೆನ್ನು ಬಿಡುವುದಿಲ್ಲ. ಇವತ್ತು ಬೆಳಿಗ್ಗೆ ನಾನಲ್ಲಿ ತೆಗೆಸಿದ್ದು ಗಂಗವ್ವ ಕಾಕುವಿನ ಮರಣ ಪ್ರಮಾಣಪತ್ರದ ಪ್ರತಿ. ಅದರಲ್ಲಿ ಗಂಡನ ಹೆಸರು ಎಂಬಲ್ಲಿ ನಾನು ಎಂದೂ ನೋಡದ ಒಬ್ಬ ಮನುಷ್ಯನ ಹೆಸರಿದೆ.

ಕಾಕುವಿನ ಗಂಡ ಎಂದರೆ ನಮಗೆ ಗೊತ್ತಿದ್ದದ್ದು ನಮ್ಮ ಚನ್ನಪ್ಪ ಕಾಕಾ, ಅಪ್ಪನ ತಮ್ಮ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯ ಹಿಂದೆ ಅವನದೊಂದು ಗೋಣಿಚೀಲದ ಅಂಗಡಿ, ಅದಕ್ಕೆ ಹೊಂದಿಕೊಂಡು ಮನೆ. ಹರಿದ ಚೀಲಗಳನ್ನು ಕೊಂಡು, ಹೊಲಿದು, ಮತ್ತೆ ಮಾರುವ ವ್ಯಾಪಾರ. ದಬ್ಬಣ ಹಿಡಿದು ಹೊಲಿಯುತ್ತಿದ್ದವಳು ಕಾಕು. ಚೀಲ ಕೊಡವಿದರೆ ಹಳೆಯ ಮೆಣಸಿನಕಾಯಿಯ ಘಾಟು ಎದ್ದು ಬರುತ್ತಿತ್ತು. ನಾವು ಹುಡುಗರು ಬಾಗಿಲಲ್ಲೇ ಸೀನಿ ಓಡುತ್ತಿದ್ದೆವು. ಆಕೆ ಅಲುಗುತ್ತಿರಲಿಲ್ಲ, ಆದರೆ ಕಣ್ಣು ಮಾತ್ರ ಸದಾ ಕೆಂಪಗಿರುತ್ತಿದ್ದವು. ಹೊಸಬರು ಬಂದರೆ, ಯಾಕವ್ವಾ ಅಳಾಕತ್ತೀದಿ ಎಂದು ಕೇಳುತ್ತಿದ್ದರು. ಕಾಕಾ ತೀರಿಕೊಂಡ ದಿನ ಆಕೆ ನಿಜವಾಗಿ ಅತ್ತಾಗ ಮುಖದಲ್ಲಿ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಕಾಕಾನ ಮೊದಲ ಹೆಂಡತಿ ನೀಲವ್ವ ಒಂದೇ ಮಳೆಗಾಲ ಬಾಳಿ ಹೋದವಳು. ಗಂಗವ್ವ ಹಲಗೇರಿಯವಳು, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡಿದ್ದಳು. ಇಬ್ಬರಿಗೂ ಉಡಿಕಿ ಮಾಡಿದರು. ಉಡಿಕಿಯೆಂದರೆ ನಮ್ಮ ಕಡೆ ಗಂಡ ಸತ್ತವಳನ್ನು ಮತ್ತೊಬ್ಬನಿಗೆ ಕೂಡಿಸುವ ಪದ್ಧತಿ. ಗುಡಿಯಲ್ಲಿ ನಾಲ್ಕು ಜನ ಹಿರಿಯರ ಎದುರು ಹೊಸ ಸೀರೆ ಉಡಿಸಿ ಮನೆಗೆ ಕರೆದುಕೊಂಡು ಬಂದರೆ ಮುಗಿಯಿತು. ಬಾಜಾ ಇಲ್ಲ, ಅಕ್ಕಿಕಾಳಿಲ್ಲ, ಲಗ್ನಪತ್ರಿಕೆ ಇಲ್ಲ. ಸಂಸಾರ ಮಾತ್ರ ಎಲ್ಲರ ಸಂಸಾರದಂತೆಯೇ. ಮಕ್ಕಳಾಗಲಿಲ್ಲ. ಆದರೆ ಉಡಿಕಿಯವಳು ಶುಭಕಾರ್ಯದಲ್ಲಿ ಮುಂದೆ ಬರಬಾರದು. ನನ್ನ ಮದುವೆಯಲ್ಲಿ ಕಾಕು ಹಿತ್ತಲಲ್ಲಿ ಒಲೆಯ ಮುಂದೆ ಕುಳಿತಿದ್ದಳು. ಹಂದರದಲ್ಲಿ ಫೋಟೋಕ್ಕೆ ನಿಂತಾಗ ಕಾಕಾ ಒಬ್ಬನೇ ನಿಂತ. ಆಗ ಅದು ಯಾರಿಗೂ ವಿಶೇಷವೆನಿಸಲಿಲ್ಲ, ನನಗೂ ಅನಿಸಲಿಲ್ಲ.

ಕಾಕಾ ಮೃತ್ಯುಪತ್ರ ಬರೆದಿಟ್ಟಿರಲಿಲ್ಲ. ಚೀಲದ ವ್ಯಾಪಾರಿಗೆ ಮೃತ್ಯುಪತ್ರ ಎಲ್ಲಿಂದ ಹೊಳೆಯಬೇಕು? ಮನೆಯನ್ನು ವಾರಸುದಾರರ ಹೆಸರಿಗೆ ಮಾಡಲು ವಂಶಾವಳಿ ಬೇಕೆಂದರು. ಕಂದಾಯ ಲೆಕ್ಕದ ತಲಾಠಿ ಬಂದರು, ಕಟ್ಟೆಯ ಮೇಲೆ ಕುಳಿತರು, ಓಣಿಯ ಪಂಚರು ಸೇರಿದರು. ಕಾಕು ಎಲ್ಲರಿಗೂ ಚಹಾ ಮಾಡಿ ತಂದಳು. ಹೆಂಡತಿ ಎಂಬಲ್ಲಿ ತಲಾಠಿ 'ನೀಲವ್ವ, ಮೃತ' ಎಂದು ಬರೆದರು.

"ಚಹಾ ಕೊಟ್ಟಾಕಿ ಹೇಣ್ತಿ ಅಲ್ಲೇನ್ರಿ ಮತ್ತ?" ಎಂದು ಪಕ್ಕದ ಮನೆಯ ಹುಸೇನಸಾಬ ಕೇಳಿದ.

"ಆಧಾರ ಕಾರ್ಡಿನ್ಯಾಗ ಬ್ಯಾರೆ ಗಂಡನ ಹೆಸರು ಐತ್ರಿ. ಅವನ ಹೆಸರಿಲೆ ವಿಧವಾ ಪಗಾರನೂ ಬರತೈತಿ. ನಾ ಹ್ಯಾಂಗ ಬರೀಲಿ, ನೀವ ಹೇಳ್ರಿ."

ತಲಾಠಿಯದು ತಪ್ಪಲ್ಲ. ಹಲಗೇರಿಯಲ್ಲಿದ್ದಾಗ ಯಾರೋ ಪುಣ್ಯಾತ್ಮರು ಆಕೆಗೆ ವಿಧವಾ ವೇತನ ಮಾಡಿಸಿಕೊಟ್ಟಿದ್ದರು. ಉಡಿಕಿಯಾದ ಮೇಲೆ ಅದನ್ನು ನಿಲ್ಲಿಸಬೇಕೆಂದು ಯಾರಿಗೂ ತಿಳಿಯಲಿಲ್ಲ. "ನಿನ್ನ ಪಗಾರ ನೀ ಇಟ್ಕೊ" ಎಂದು ಕಾಕಾ ನಗುತ್ತಿದ್ದ. ತವರಿಗೆ ಹೋಗುವ ಬಸ್ಸಿಗೆ, ಎಲೆ ಅಡಿಕೆಗೆ ಆಕೆ ಅದನ್ನು ಖರ್ಚು ಮಾಡುತ್ತಿದ್ದಳು. ಕಾಕಾನ ಪಕ್ಕದಲ್ಲಿ ಕುಳಿತು ಚೀಲ ಹೊಲಿದ ಅಷ್ಟೂ ವರ್ಷ ಸರಕಾರದ ಲೆಕ್ಕದಲ್ಲಿ ಆಕೆ ಬೇರೊಬ್ಬನ ವಿಧವೆಯಾಗಿಯೇ ಇದ್ದಳು.

ಅಪ್ಪ ಮೊದಲೇ ತೀರಿಕೊಂಡಿದ್ದ. ಹಾಗಾಗಿ ವಾರಸುದಾರರು ನಾವಿಬ್ಬರೇ ಆದೆವು, ನಾನು ಮತ್ತು ರಾಣೆಬೆನ್ನೂರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿರುವ ನನ್ನ ಅಣ್ಣ ಬಸಣ್ಣ. ಅಣ್ಣ ಕೆಟ್ಟವನಲ್ಲ, ಅಂಗಡಿಯವನು, ಎಲ್ಲವೂ ಬೇಗ ಮುಗಿಯಬೇಕು. "ನಮ್ಮ ಹೆಸರಿಗೆ ಹಚ್ಚೋಣು. ಆಕಿ ಇರೂತನಕಾ ಇರಲಿ. ಯಾರರ ಹೊರಗ ಹಾಕ್ತಾರೇನು?" ಎಂದ. ನಾನು ನನ್ನ ಪಾಲನ್ನು ಕಾಕುವಿಗೆ ಬಕ್ಷೀಸ ಪತ್ರ ಮಾಡಿಕೊಡುತ್ತೇನೆಂದು ದೊಡ್ಡ ಮನಸ್ಸು ತೋರಿಸಲು ಹೋದೆ. ಆಕೆ ದಬ್ಬಣ ಕೆಳಗಿಟ್ಟಳು.

"ಗಂಡನ ಮನೀನ ಹೊರಗಿನ ಮಂದಿ ಹಂಗ ದಾನಾ ತಗೊಳ್ಳಲೇನು, ತಮ್ಮಾ?"

ನನ್ನ ದೊಡ್ಡ ಮನಸ್ಸನ್ನು ಮಡಚಿಕೊಂಡು ನಾನಿರುವ ಹಾವೇರಿಯ ಬಸ್ಸು ಹತ್ತಿದೆ. ಮರುವಾರ ಬ್ಯಾಡಗಿಯ ವಕೀಲರೊಬ್ಬರನ್ನು ಕಂಡೆ. ಅವರು ಹೇಳಿದ್ದು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಕಾಕು ನಮ್ಮಿಬ್ಬರ ಮೇಲೆ ದಾವೆ ಹಾಕಬೇಕು. ತಾನು ಚನ್ನಪ್ಪನ ಹೆಂಡತಿಯೆಂದು ಕೋರ್ಟಿನಿಂದಲೇ ಹೇಳಿಸಬೇಕು. ತನ್ನ ಮೇಲೆ ತಾನೇ ಕೇಸು ಹಾಕಿಸಿಕೊಳ್ಳಲು ವಕೀಲರ ಮನೆ ಹುಡುಕಿಕೊಂಡು ಹೋದ ಗೃಹಸ್ಥ ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಕಾಕು ಮೊದಲು ಒಪ್ಪಲೇ ಇಲ್ಲ. ಮನೆಯ ಮಕ್ಕಳನ್ನು ಕೋರ್ಟಿಗೆ ಎಳೆದವಳೆಂದು ಜನ ಆಡಿಕೊಳ್ಳುತ್ತಾರೆ ಎಂದಳು. ಕೊನೆಗೆ ವಕೀಲರನ್ನು ಒಂದೇ ಮಾತು ಕೇಳಿದಳು.

"ಅದರಾಗ ನನ್ನ ಹೆಸರು ಏನಂತ ಬರೀತೀರಿ?"

"ಗಂಗವ್ವ ಗಂಡ ಚನ್ನಪ್ಪ ಅಂತ್ರಿ ಅವ್ವಾರ. ದಾವಾ ಹಾಕೂದ ಹಂಗ."

"ಹಂಗಾರ ಹಾಕ್ರಿ."

ದಾವೆಗೆ ಉತ್ತರವಾಗಿ ಕೊಡುವ ಕೈಫಿಯತ್ತಿನಲ್ಲಿ ನಾನು ಎಲ್ಲವನ್ನೂ ಖರೇ ಎಂದು ಬರೆದುಕೊಟ್ಟೆ. ಅಣ್ಣನ ಕೈಫಿಯತ್ತಿನಲ್ಲಿ, ವಾದಿಯು ಚನ್ನಪ್ಪನ ಮನೆಯಲ್ಲಿ ಕೆಲಸಕ್ಕಿದ್ದ ಹೆಂಗಸು ಎಂದಿತ್ತು. ಓದಿ ನನಗೆ ಮೈ ಉರಿಯಿತು. ಫೋನು ಮಾಡಿದರೆ, "ವಕೀಲರು ಬರದಾರ, ನಾ ಸಹಿ ಮಾಡೇನಿ ಅಷ್ಟ" ಎಂದ. ಕಾಕಾ ಕಾಕು ಇಬ್ಬರೂ ಕೂಡಿರುವ ಒಂದು ಫೋಟೋ ಇದ್ದರೆ ತನ್ನಿ ಎಂದು ಕಾಕುವಿನ ವಕೀಲರು ಕೇಳಿದರು. ಮನೆಯಲ್ಲಿದ್ದ ಆಲ್ಬಮ್ಮುಗಳನ್ನೆಲ್ಲ ತಿರುವಿದೆ. ನಮ್ಮವರ ಅಷ್ಟು ಮದುವೆಗಳಲ್ಲಿ ಒಂದರಲ್ಲೂ ಕಾಕು ಇರಲಿಲ್ಲ. ಶುಭವಲ್ಲವೆಂದು ಅವಳನ್ನು ಹಿತ್ತಲಲ್ಲಿ ಕೂರಿಸಿದವರು ನಾವು. ಹಂದರದಲ್ಲಿ ನಿಂತದ್ದಕ್ಕೆ ಈಗ ಸಾಕ್ಷಿ ಕೊಡು ಎಂದು ಅವಳನ್ನೇ ಕೇಳುತ್ತಿದ್ದೆವು.

ಕೋರ್ಟಿನಲ್ಲಿ ಪಟ್ಟೇವಾಲಾ ಬಾಗಿಲಿಗೆ ಬಂದು ಪಕ್ಷಗಾರರನ್ನು ಕೂಗುವುದನ್ನು ನೀವು ನೋಡಿರಬಹುದು. ಮೊದಲನೆಯ ದಿನ ಅವನು "ಗಂಗವ್ವ ಗಂಡ ಚನ್ನಪ್ಪ" ಎಂದು ಕೂಗಿದಾಗ ಕಾಕು ತಟ್ಟನೆ ಎದ್ದು, ಸೆರಗು ಹೊದ್ದು, "ಬಂದೇನ್ರಿ ಯಪ್ಪಾ" ಎಂದು ಅವನು ಕೂಗಿದ್ದಕ್ಕಿಂತ ಜೋರಾಗಿ ಕೂಗಿದಳು. ಒಳಗೆ ಹೋದರೆ ಮುಂದಿನ ತಾರೀಖು ಕೊಟ್ಟು ಕಳಿಸಿದರು. ಹೊರಗೆ ಚಹಾ ಕುಡಿಯುವಾಗ ಕೇಳಿದಳು:

"ಅಂವ ಕೂಗಿದ್ದು ಮಂದಿಗೆಲ್ಲಾ ಕೇಳಿಸ್ತೇನು?"

"ಕೇಳಿಸ್ತು ಕಾಕು."

"ರಸ್ತಾದಾಗಿನವರಿಗೂ?"

"ಅವರಿಗೂ."

ತಾರೀಖಿನ ಮೇಲೆ ತಾರೀಖು ಬಿದ್ದವು. ನಾನು ಗೊಣಗುತ್ತಿದ್ದೆ, ಆಕೆ ಪ್ರತಿಸಲವೂ ತೊಳೆದ ಸೀರೆಯುಟ್ಟು ನನಗಿಂತ ಮೊದಲೇ ಬಂದು ಕುಳಿತಿರುತ್ತಿದ್ದಳು. ಪಗಾರವನ್ನು ತಾನೇ ಹೋಗಿ ನಿಲ್ಲಿಸಿ ಬಂದಳು. ಗಂಟಿನಲ್ಲಿ ರೊಟ್ಟಿ ಇರುತ್ತಿತ್ತು, ವಾದಿಗೂ ಪ್ರತಿವಾದಿಗೂ. ಅಣ್ಣ ಬಂದ ದಿನ ಅವನಿಗೂ ಕೊಡುತ್ತಿದ್ದಳು. ಅವನು ಹಸಿವಿಲ್ಲ ಎನ್ನುತ್ತಿದ್ದ. ಹೋದ ತಿಂಗಳು ಜ್ವರ ಬಂತು, ಎದೆಗೆ ಹತ್ತಿತು, ಸಾಕ್ಷಿ ಹೇಳುವ ಸರದಿ ಬರುವ ಮೊದಲೇ ಕಾಕು ಹೋದಳು. ಮರಣ ನೋಂದಣಿಯಲ್ಲಿ ನಾನು ಚನ್ನಪ್ಪನ ಹೆಸರು ಹೇಳಿದೆ, ಬಹಳ ಹೇಳಿದೆ. ಆಧಾರದಲ್ಲಿ ಇದ್ದಂತೆಯೇ ಬರೆದರು.

ವಾದಿಯೇ ಇಲ್ಲದ ಮೇಲೆ ಕೇಸಿನಲ್ಲಿ ಏನೂ ಉಳಿಯುವುದಿಲ್ಲ, ಪ್ರತಿ ಕೊಟ್ಟು ಮುಗಿಸಿಬಿಡಿ ಎಂದು ವಕೀಲರು ಹೇಳಿದ್ದಾರೆ. ಮನೆ ನಮ್ಮದಾಯಿತು. ಆಕೆ ಯಾರ ಹೆಂಡತಿಯೆಂದು ಇನ್ನು ಯಾರೂ ಹೇಳಬೇಕಾಗಿಲ್ಲ. ಈ ಮಾತು ನನ್ನನ್ನು ಬೆಳಗಿನಿಂದ ಕೊರೆಯುತ್ತಿದೆ.

ಝರಾಕ್ಸ್ ಹಿಡಿದು ಮೊಗಸಾಲೆಗೆ ಬಂದೆ. ಅಣ್ಣ ಮೊದಲೇ ಬಂದು ಕಂಬಕ್ಕೆ ಒರಗಿ ನಿಂತಿದ್ದ. ಸುದ್ದಿ ತಿಳಿಯದ ಪಟ್ಟೇವಾಲಾ ಬಾಗಿಲಿಗೆ ಬಂದು ಎಂದಿನಂತೆ ಕೂಗಿದ.

"ಗಂಗವ್ವ ಗಂಡ ಚನ್ನಪ್ಪ!"

ನಾನು ಮುಂದೆ ಹೋಗಿ ಕಾಗದ ಕೊಡಬೇಕಿತ್ತು. ಹೋಗಲಿಲ್ಲ. ಅವನು ಎರಡನೆಯ ಸಲ ಕೂಗಿದ. ಅಣ್ಣ ನನ್ನ ತೋಳು ಮುಟ್ಟಿ, "ಲಗೂ ಹೋಗಿ ಹೇಳು" ಎಂದ.

"ತಡಿ," ಎಂದೆ. "ಇನ್ನೊಮ್ಮೆ ಕೂಗಲಿ."

ಅಣ್ಣ ನನ್ನ ಮುಖ ನೋಡಿದ. ಪಟ್ಟೇವಾಲಾ ಈ ಸಲ ಅಂಗಳದವರೆಗೂ ಬಂದು, ರಸ್ತೆಯ ಕಡೆ ತಿರುಗಿ, ಗಂಟಲೆತ್ತಿ ಕೂಗಿದ. ಝರಾಕ್ಸ್ ಅಂಗಡಿಯವರೂ ತಿರುಗಿ ನೋಡಿದರು. ನಾನು ಬಾಯಿ ತೆರೆಯುವ ಮೊದಲು ಅಣ್ಣ ಹೆಜ್ಜೆ ಮುಂದಿಟ್ಟ.

"ನಮ್ಮ ಕಾಕು ಇಲ್ರಿ," ಎಂದ. "ನಮ್ಮ ಕಾಕು ತೀರಿಕೊಂಡಾಳ."

ನನ್ನ ಕೈಯಲ್ಲಿದ್ದ ಪ್ರತಿಯನ್ನು ಅವನೇ ಇಸಿದುಕೊಂಡು ಒಳಗೆ ಹೋಗಿ ಕೊಟ್ಟ. ಒಳಗಿದ್ದ ಗುಮಾಸ್ತರು ಅದನ್ನು ಕಡತಕ್ಕೆ ಸೇರಿಸಿ, ವಾದಿ ಮೃತ ಎಂದಷ್ಟೇ ಬರೆದುಕೊಂಡರು.