ಬೆಳಕು ಕೂರಿಸುವವರು ನುಂಗಿದ ಒಂದಕ್ಷರ

ನಂಜನಗೂಡಿನ ಹೊಸ ಬಡಾವಣೆಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಗೃಹಪ್ರವೇಶಕ್ಕೆ ಸಿದ್ಧವಾಗುತ್ತಿರುವ ಮನೆಯೊಂದರ ಒಳಗೆ ನಾಗೇಂದ್ರ ಏಣಿಯ ತುದಿಯಲ್ಲಿ ನಿಂತಿದ್ದಾರೆ. ಕತ್ತು ಹಿಂದಕ್ಕೆ ಬಾಗಿದೆ, ಬಾಯಲ್ಲಿ ಎರಡು ಸ್ಕ್ರೂ. ಕೆಳಗೆ ಅವರ ಹೆಂಡತಿ ಯಶೋಧರಾ ಎದುರು ಗೋಡೆಯ ಮೇಲೆ ಕಣ್ಣಿಟ್ಟು, "ಒಸಿ ಎಡಕ್ಕೆ" ಅನ್ನುತ್ತಾರೆ. ನಾಗೇಂದ್ರ ಸ್ಪಾಟ್ ಲೈಟನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. "ಸಾಕು." ಇಷ್ಟು ಹೊತ್ತು ಸಪ್ಪಗಿದ್ದ ಒರಟು ಕಲ್ಲಿನ ಗೋಡೆಯ ಉಬ್ಬುತಗ್ಗುಗಳೆಲ್ಲ ಎದ್ದು ನಿಲ್ಲುತ್ತವೆ.

"ಬಿಸ್ಲು ಒಳೀಕೆ ಬಂದ್ರೆ ಈ ಕೆಲ್ಸ ಆಗಾಕಿಲ್ಲ ಸಾ. ನಮ್ ಬೆಳಕು ಎಲ್ಲಿ ಬಿತ್ತು ಅಂತ್ಲೇ ಗೊತ್ತಾಗಾಕಿಲ್ಲ," ಎಂದು ಪತ್ರಿಕೆಗೆ ಬರೆಯಲು ಹೋದ ನಮಗೆ ಹೇಳುತ್ತ ನಾಗೇಂದ್ರ ಇಳಿದು ಬರುತ್ತಾರೆ. "ಲೈಟು ಕಾಣಬಾರ್ದು, ಬೆಳಕು ಮಾತ್ರ ಕಾಣ್ಬೇಕು. ಅಷ್ಟೇಯ ನಮ್ ಇದ್ಯೆ."

ಟಿ. ನರಸೀಪುರದ ಬಳಿಯ ಹಳ್ಳಿಯವರು ಇವರು. ಮೊದಲು ಪಂಪ್‌ಸೆಟ್ ವೈರಿಂಗ್, ಆಮೇಲೆ ಮೈಸೂರಿನ ಕಂಟ್ರಾಕ್ಟರೊಬ್ಬರ ಕೈಕೆಳಗೆ ಫಾಲ್ಸ್ ಸೀಲಿಂಗ್ ಕೊರೆಯುವ ಕೆಲಸ. ತಲೆಯ ಮೇಲೆ ಕೊರೆದ ಪುಡಿಯೆಲ್ಲ ಕಣ್ಣಿಗೇ ಬೀಳುತ್ತಿತ್ತು. ಕತ್ತಿನ ನೋವು ಆಗ ಬಂದದ್ದು ಇನ್ನೂ ಹೋಗಿಲ್ಲ. ಈಗ ಮೈಸೂರಿನ ಶೋಕಿ ನಂಜನಗೂಡಿಗೂ ನರಸೀಪುರಕ್ಕೂ ಬಂದಿದೆ. ಟ್ಯೂಬ್‌ಲೈಟ್ ಒಂದಿದ್ದರೆ ಸಾಕು ಅನ್ನುತ್ತಿದ್ದವರು ಗೋಡೆಗೊಂದು, ಪಟಕ್ಕೊಂದು, ಮೆಟ್ಟಿಲ ಕೆಳಗೊಂದು ಬೆಳಕು ಕೇಳುತ್ತಾರೆ. ಸಲೀಸಾದ ದಿನ ಹತ್ತು ಹನ್ನೆರಡು ಲೈಟು ಕೂರುತ್ತವೆ. ಹಟಮಾರಿ ಗೋಡೆ ಸಿಕ್ಕರೆ ಒಂದಕ್ಕೇ ಅರ್ಧ ದಿನ.

ಜೊತೆಗಿದ್ದ ಸಹಾಯಕ ಕೈಕೊಟ್ಟಾಗ ಯಶೋಧರಾ ಏಣಿ ಹಿಡಿಯಲು ಬಂದರು. ಬಂದವರು ಏಣಿಯನ್ನಷ್ಟೇ ಹಿಡಿದು ನಿಲ್ಲಲಿಲ್ಲ. ಮೇಲಿರುವವನಿಗೆ ಲೈಟು ಕಾಣುತ್ತದೆಯೇ ಹೊರತು ಅದು ಬಿದ್ದ ಜಾಗ ಕಾಣುವುದಿಲ್ಲ. ಎಲ್ಲಿ ನೆರಳು ಕೆಟ್ಟಿತು, ಯಾವ ಗಾಜು ಕಣ್ಣಿಗೆ ಹೊಡೆಯಿತು ಎಂದು ಹೇಳುವವರು ಇವರೇ. ಟಿವಿಎಸ್ ಹಿಂದೆ ಮಡಿಸಿದ ಏಣಿಯನ್ನು ಹೆಗಲಿಗೆ ಆನಿಸಿಕೊಂಡು ಕೂತ ಯಶೋಧರಾ ಅವರನ್ನು ಸೋಸಲೆ ದಾರಿಯಲ್ಲಿ ನೋಡದವರು ಕಡಿಮೆ. ದಾರಿಯುದ್ದಕ್ಕೂ ಗಂಡ ಹೆಂಡತಿಯ ಮಾತು ಗಾಳಿಗೆ ಕೇಳಿಸುತ್ತಿತ್ತು. ಈಚೆಗೆ ಕೇಳಿಸುವುದಿಲ್ಲ. ಎಡಕ್ಕೆ, ಬಲಕ್ಕೆ, ಸಾಕು: ಗಂಡನ ಜೊತೆ ಅವರ ಮಾತು ಇಷ್ಟಕ್ಕೆ ಬಂದು ನಿಂತಿದೆ.

ಕಾರಣ ನಾಗೇಂದ್ರ ಅವರಿಗೆ ಚೆನ್ನಾಗಿ ಗೊತ್ತು. ನಡೆದದ್ದು ಇದೇ ಮನೆಯಲ್ಲಿ, ದೇವರ ಮನೆಯ ಹೊಸ್ತಿಲಲ್ಲಿ. ಮನೆಯೊಡತಿ ಮಲ್ಲಾಜಮ್ಮನವರಿಗೆ ನಂಜುಂಡೇಶ್ವರನ ದೊಡ್ಡ ಪಟಕ್ಕೆ ಬೆಳಕು ಬೇಕಿತ್ತು. ಪಟಕ್ಕೆ ಗಾಜಿದ್ದರೆ ಬಲ್ಬು ಅದರಲ್ಲಿ ಮಿಂಚುತ್ತದೆ, ದೇವರ ಮುಖ ಕಾಣುವುದಿಲ್ಲ. ಪೂಜೆಗೆ ಕೂರುವ ಜಾಗದಲ್ಲೇ ಒಬ್ಬರು ಕೂತು ನೋಡಿ ಹೇಳಬೇಕು. ಯಶೋಧರಾ ಒಳಗೆ ಕಾಲಿಡುವ ಹೊತ್ತಿಗೆ ಮಲ್ಲಾಜಮ್ಮ, "ನಿನ್ನ ಹೆಂಡ್ತಿ ಹೆಸರೇನಪ್ಪ?" ಎಂದು ಕೇಳಿದರು. ಸುಮ್ಮನೆ ಮಾತಿಗೆ ಕೇಳಿದ್ದು.

"ಯಶೋದ," ಅಂದರು ನಾಗೇಂದ್ರ.

ನಮ್ಮ ಕಡೆ ಅಕ್ಷರ ನುಂಗುವುದು ಹೊಸದಲ್ಲ. ಹಳ್ಳಿ ಅಳ್ಳಿಯಾಗುತ್ತದೆ, ಹೋಗು ಓಗು ಆಗುತ್ತದೆ, ಅದಕ್ಕೆ ಯಾರೂ ನಾಚುವುದಿಲ್ಲ. ಆದರೆ ಈ 'ರಾ' ನುಂಗಿದ್ದು ವಾಡಿಕೆಯಿಂದಲ್ಲ, ಅಂಜಿಕೆಯಿಂದ. ಯಶೋದೆ ಕೃಷ್ಣನನ್ನು ಸಾಕಿದ ತಾಯಿ, ಎಲ್ಲರ ಮನೆಗೂ ಸಲ್ಲುವವಳು. ಯಶೋಧರಾ ಬುದ್ಧನ ಹೆಂಡತಿ. ಆ ಹೆಸರು ಹೇಳಿದರೆ ಯಾವ ಬೀದಿಯವರು ಎಂದು ಅರ್ಧ ಊರಿಗೆ ತಿಳಿಯುತ್ತದೆ. ಹಿಂದೆ ಇನ್ನೊಂದು ಮನೆಯಲ್ಲಿ ಹೆಸರು ಹೇಳಿದ ಮೇಲೆ, "ದೇವರ ಮನೆ ಕೆಲ್ಸ ಆಮೇಲೆ ನೋಡಣ" ಅಂದವರು ಮತ್ತೆ ಕರೆದಿರಲಿಲ್ಲ. ಆ ಪೆಟ್ಟು ನಾಗೇಂದ್ರ ಮರೆತಿಲ್ಲ. ಆದರೆ ಮಲ್ಲಾಜಮ್ಮ ಜಾತಿ ಕೇಳಿರಲಿಲ್ಲ. ಅದೇ ನಾಗೇಂದ್ರ ಅವರನ್ನು ಹೆಚ್ಚು ಸುಡುತ್ತದೆ.

ಸೋಸಲೆಯಲ್ಲಿರುವ ಮಾವ ಪುಟ್ಟಬಸವಯ್ಯನವರ ಮುಖ ನೆನೆದರಂತೂ ಊಟ ಸೇರುವುದಿಲ್ಲ. ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹುಟ್ಟಿದ ಮಗಳಿಗೆ ಅವರು ಹುಡುಕಿ ಇಟ್ಟ ಹೆಸರು ಅದು. ಶಾಲೆಗೆ ಸೇರಿಸುವಾಗ ಮೇಷ್ಟ್ರು ಯಶೋದ ಎಂದು ಬರೆದುಕೊಂಡಿದ್ದರಂತೆ. ಪುಟ್ಟಬಸವಯ್ಯ ಕೂಲಿ ಬಿಟ್ಟು ಹೋಗಿ, ಮೇಷ್ಟ್ರ ಮೇಜಿನ ಮುಂದೆ ನಿಂತು, ಅಕ್ಷರ ಸೇರಿಸಿಕೊಂಡೇ ಮನೆಗೆ ಬಂದವರು. ಮಾವ ಸೇರಿಸಿದ್ದನ್ನು ಅಳಿಯ ನುಂಗಿದರು. ದಿನವಿಡೀ ತಲೆ ಎತ್ತಿ ದುಡಿಯುವ ಮನುಷ್ಯ ಕೆಲಸ ಮುಗಿದ ಮೇಲೆ ತಲೆ ಎತ್ತುತ್ತಿಲ್ಲ.

ಅಂದು ಆ ಹೆಸರು ಕೇಳಿಸಿಕೊಂಡೇ ಯಶೋಧರಾ ಒಳಗೆ ಹೋಗಿ ಪೂಜೆಯ ಜಾಗದಲ್ಲಿ ಕೂತು, ಎಡಕ್ಕೆ, ಬಲಕ್ಕೆ ಎಂದು ಹೇಳಿ, ನಂಜುಂಡೇಶ್ವರನ ಮುಖ ತಿಳಿಯಾಗಿ ಕಾಣುವಂತೆ ಬೆಳಕು ಕೂರಿಸಿ ಎದ್ದರು. ಅಂದಿನಿಂದ ಈ ಮನೆಯಲ್ಲಿ ಯಶೋದಮ್ಮ ಎಂದು ಕರೆದರೆ ಅವರು ಮೊದಲ ಸಲಕ್ಕೆ ತಿರುಗುವುದಿಲ್ಲ.

ಇವತ್ತೂ ಹಾಗೆಯೇ. ಕಾಫಿ ಫ್ಲಾಸ್ಕ್ ಹಿಡಿದು ಬಂದ ಮಲ್ಲಾಜಮ್ಮ ಎರಡು ಸಲ ಕರೆಯಬೇಕಾಗುತ್ತದೆ. ಕಲ್ಲಿನ ಗೋಡೆ ನೋಡಿ ಅವರ ಮುಖ ಅರಳುತ್ತದೆ. "ನಾಗೇಂದ್ರ, ಸೋಮವಾರದಿಂದ ಹುಲ್ಲಹಳ್ಳಿಲಿ ನಮ್ಮ ತಮ್ಮನ ಮನೆ ಹಿಡ್ಕೊಬಿಡಪ್ಪ. ಅವ್ರ ದೇವರ ಮನೆಗೂ ಹಿಂಗೇ ಮಾಡ್ಕೊಡಿ," ಅನ್ನುತ್ತಾರೆ.

ಪತ್ರಿಕೆಯಲ್ಲಿ ಹಾಕಲು ಇಬ್ಬರ ಹೆಸರೂ ಬೇಕು ಎಂದಾಗ ಉತ್ತರ ಕೊಡುವವರೂ ಮಲ್ಲಾಜಮ್ಮನೇ. "ನಾಗೇಂದ್ರ, ಯಶೋದ ಅಂತ ಬರ್ಕೊಳ್ಳಿ. ಕೃಷ್ಣನ ತಾಯಿ ಹೆಸರು."

ಮೂಲೆಯಲ್ಲಿ ವೈರು ಸುತ್ತುತ್ತಿದ್ದ ಯಶೋಧರಾ ಅವರ ಕೈ ನಿಲ್ಲುತ್ತದೆ. ಅವರು ಮುಖ ಎತ್ತುವುದಿಲ್ಲ. ನಾಗೇಂದ್ರ ಕಾಫಿ ಲೋಟ ಕೆಳಗಿಡುತ್ತಾರೆ.

"ಯಶೋದ ಅಲ್ಲ ಸಾ. ಯಶೋಧರಾ. ಕೊನೇಲಿ 'ರಾ' ಐತೆ."

"ಅಯ್ಯೋ, ನಾನೇ ತಪ್ಪು ಕೇಳಿಸ್ಕೊಂಡಿದ್ನಾ? ಇಷ್ಟು ದಿನ ಹಂಗೇ ಕರೀತಿದ್ನಲ್ಲ, ಹೇಳ್ಬಾರದಾ?" ಅನ್ನುತ್ತಾರೆ ಮಲ್ಲಾಜಮ್ಮ.

ಹೂಂ ಅಂದುಬಿಟ್ಟರೆ ತಪ್ಪು ಅವರ ಕಿವಿಯ ಪಾಲಾಗುತ್ತದೆ, ಹುಲ್ಲಹಳ್ಳಿಯ ಕೆಲಸವೂ ಉಳಿಯುತ್ತದೆ. ನಾಗೇಂದ್ರ ಹೂಂ ಅನ್ನುವುದಿಲ್ಲ. "ನೀವು ಸರ್ಯಾಗೇ ಕೇಳುಸ್ಕೊಂಡ್ರಿ ಅಮ್ಮಾವ್ರೆ. ನಾನೇ ಸುಳ್ಳೇಳ್ದೆ. ಅದು ಬುದ್ದನ ಎಂಡ್ತಿ ಎಸ್ರು. ಏಳುದ್ರೆ ನಾವ್ ಯಾರು ಅಂತ ಗೊತ್ತಾಯ್ತದೆ, ದೇವ್ರ ಮನೆ ಕೆಲ್ಸ ತಪ್ಪೋಯ್ತದೆ ಅಂತ ಎದ್ರುಕೊಂಡೆ. ಇವ್ಳದೇನೂ ತಪ್ಪಿಲ್ಲ."

ಮಲ್ಲಾಜಮ್ಮನ ಕಣ್ಣು ಒಂದು ಗಳಿಗೆ ದೇವರ ಮನೆಯ ಕಡೆ ಹೋಗುತ್ತದೆ. ಹೋದದ್ದಕ್ಕೆ ಅವರಿಗೇ ನಾಚಿಕೆಯಾಗಿ, ಸೆರಗು ಸರಿಮಾಡಿಕೊಳ್ಳುತ್ತಾರೆ. "ನಾನೇನು ಜಾತಿ ಕೇಳಿದ್ನಾ?" ಅನ್ನುತ್ತಾರೆ. ಇಲ್ಲ ಎಂದು ನಾಗೇಂದ್ರ ತಲೆಯಾಡಿಸುತ್ತಾರೆ. "ಕಾಫಿ ಆರೋಗುತ್ತೆ, ಕುಡೀರಿ" ಎಂದು ಅವರು ಬಾಗಿಲವರೆಗೆ ಹೋಗಿ, ಈ ಕಡೆ ತಿರುಗದೆಯೇ ಹೇಳುತ್ತಾರೆ: "ಹುಲ್ಲಹಳ್ಳಿ ವಿಷಯ ತಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ."

ಆ ಕೆಲಸ ಕೈತಪ್ಪಿತು ಎಂದು ಅಲ್ಲಿದ್ದವರಿಗೆಲ್ಲ ಅರ್ಥವಾಗುತ್ತದೆ. ಕಿಟಕಿಯಿಂದ ಬಿಸಿಲು ಬಂದಿದೆ, ಇವತ್ತಿಗೆ ಬೆಳಕಿನ ಕೆಲಸ ಮುಗಿಯಿತು. "ನನ್ ಇಸ್ಯ ಜಾಸ್ತಿ ಬರೀಬ್ಯಾಡಿ ಸಾ," ನಾಗೇಂದ್ರ ನೆಲ ನೋಡುತ್ತಲೇ ಕೇಳಿಕೊಳ್ಳುತ್ತಾರೆ. "ಇವ್ಳ್ ಎಸ್ರು ಮಾತ್ರ ಸರ್ಯಾಗ್ ಆಕಿ. ಮಾವ ಪೇಪರ್ ಓದ್ತಾರೆ."

ಯಶೋಧರಾ ವೈರಿನ ಸುರುಳಿಯನ್ನು ಚೀಲಕ್ಕೆ ಹಾಕಿ ಹತ್ತಿರ ಬಂದು, ನಮ್ಮ ಟಿಪ್ಪಣಿ ಪುಸ್ತಕದಲ್ಲಿ ಬರೆದ ಹೆಸರನ್ನು ಬಗ್ಗಿ ಓದುತ್ತಾರೆ. ಎಲ್ಲ ಅಕ್ಷರವೂ ಇದೆ.

"ಒಳಗಿರೋ ದೇವ್ರ ಪಟಕ್ಕೆ ಬೆಳಕು ಕೂರ್ಸಿದ್ದು ನಾನು, ಅದನ್ನೂ ಬರ್ಕೊಳಿ," ಅನ್ನುತ್ತಾರೆ. "ಯಶೋದ ಅನ್ನೋಳು ಈ ಮನೆಗೆ ಬಂದೇ ಇಲ್ಲ."